ನಾಗರಹೊಳೆ ರಾಷ್ಟ್ರೀಯ ಉದ್ಯಾನದಲ್ಲಿ ವನ್ಯಜೀವಿ ವೀಕ್ಷಣೆ

ನಾಗರಹೊಳೆ ರಾಷ್ಟ್ರೀಯ ಉದ್ಯಾನವು ಕರ್ನಾಟಕದ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಸಂರಕ್ಷಿತ ಅರಣ್ಯ ಪ್ರದೇಶವಾಗಿದೆ. ಇದರ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಹುಲಿ ಸಂರಕ್ಷಿತ ಪ್ರದೇಶವೂ ಆಗಿರುವ ಈ ಕಾಡು ಆನೆ, ಹುಲಿ, ಚಿರತೆ, ಸೀಳುನಾಯಿ, ಕಾಟಿ, ಕಡವೆ, ಜಿಂಕೆ ಮುಂತಾದ ಪ್ರಾಣಿಗಳಿಗೂ 270ಕ್ಕೂ ಹೆಚ್ಚು ಪ್ರಭೇದದ ಪಕ್ಷಿಗಳಿಗೂ ಆಶ್ರಯವಾಗಿದೆ. ಬಂಡೀಪುರ, ತಮಿಳುನಾಡಿನ ಮುದುಮಲೆ ಹಾಗೂ ಕೇರಳದ ವಯನಾಡು ಅರಣ್ಯಗಳೊಡನೆ ಸೇರಿ ಇದು ನೀಲಗಿರಿ ಜೀವಗೋಳದ ಅಂಗವಾಗಿದೆ. 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಭಾರತದ ಮೊದಲನೆಯ ಜೀವಗೋಳ ಮೀಸಲು ಪ್ರದೇಶ.

ಉದ್ಯಾನವೆಂಬ ಹೆಸರಿದ್ದರೂ ಇದು ಹೂದೋಟವೂ ಅಲ್ಲ, ಮೃಗಾಲಯವೂ ಅಲ್ಲ. ಇಲ್ಲಿಯ ಪ್ರಾಣಿಗಳಿಗೆ ಪಂಜರವಿಲ್ಲ, ಆಹಾರ ಒದಗಿಸುವವರಿಲ್ಲ, ನೋಡುಗರ ಮುಂದೆ ಬಂದು ನಿಲ್ಲಬೇಕೆಂಬ ಕಟ್ಟುಪಾಡೂ ಇಲ್ಲ. ಆದುದರಿಂದ ಇಲ್ಲಿ ವನ್ಯಜೀವಿಗಳನ್ನು ನೋಡುವುದಕ್ಕೆ ತಾಳ್ಮೆಯೂ ಕಾಡಿನ ಸೂಚನೆಗಳ ತಿಳಿವಳಿಕೆಯೂ ಅವಶ್ಯಕ. ವೀಕ್ಷಕರ ಮೇಲಿರುವ ನಿರ್ಬಂಧಗಳ ಹಿನ್ನೆಲೆಯನ್ನು ಅರಿಯಲು ಕಾಡಿನ ಇತಿಹಾಸವನ್ನೂ ಸುತ್ತಲಿನ ಜನಜೀವನವನ್ನೂ ತಿಳಿಯಬೇಕಾಗುತ್ತದೆ.

ಹೆಸರು

ನಾಗರಹೊಳೆ ಎಂಬುದು ಉದ್ಯಾನದೊಳಗೆ ಹರಿಯುವ ಒಂದು ಹೊಳೆಯ ಹೆಸರು. ನಾಗರಹಾವಿನಂತೆ ಬಳುಕುತ್ತ, ತಿರುವುಗಳನ್ನು ತೆಗೆದುಕೊಳ್ಳುತ್ತ ಹರಿಯುವುದರಿಂದ ಈ ಹೆಸರು ಬಂದಿತೆಂಬುದು ರೂಢಿಯಲ್ಲಿರುವ ವಿವರಣೆ. 1992ರಲ್ಲಿ ಉದ್ಯಾನಕ್ಕೆ ರಾಜೀವ್ ಗಾಂಧಿ ಅವರ ಹೆಸರನ್ನು ಇಡಲಾಯಿತು. ಆದರೂ ಜನಬಳಕೆಯಲ್ಲಿ ನಾಗರಹೊಳೆ ಎಂಬ ಹೆಸರೇ ಉಳಿದುಬಂದಿದೆ. ಉದ್ಯಾನದ ದಕ್ಷಿಣದ ಅಂಚನ್ನು ಅಲ್ಲಿ ಹರಿಯುವ ನದಿಯ ಹೆಸರಿನಿಂದ 'ಕಬಿನಿ' ಎಂದು ಕರೆಯುವುದು ಪ್ರವಾಸಿಗರಲ್ಲಿ ವಾಡಿಕೆ. ಇದರಿಂದಾಗಿ ಕಬಿನಿಯೂ ನಾಗರಹೊಳೆಯೂ ಬೇರೆ ಬೇರೆ ಕಾಡುಗಳೆಂದು ಹಲವರು ಭಾವಿಸುವುದುಂಟು.

ಇತಿಹಾಸ

ಈ ಅರಣ್ಯದ ಒಂದು ಭಾಗ ಮೈಸೂರು ಅರಸರ ಮೃಗಯಾವನವಾಗಿತ್ತು. ಕಬಿನಿ ತೀರದ ಕಾಕನಕೋಟೆಯ ಕಾಡು ಖೆಡ್ಡಾಗಳಿಗೆ ಪ್ರಸಿದ್ಧವಾಗಿತ್ತು. ಕಾಡಾನೆಗಳ ಹಿಂಡನ್ನು ನೂರಾರು ಜನರು ತಮಟೆ, ಕೂಗು, ಪಂಜುಗಳಿಂದ ಬೆದರಿಸಿ, ಪಳಗಿದ ಆನೆಗಳ ನೆರವಿನಿಂದ ನದಿಯನ್ನು ದಾಟಿಸಿ, ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ಅಟ್ಟಿ ಹಿಡಿಯುವ ಕ್ರಮವೇ ಖೆಡ್ಡಾ. ಮೈಸೂರು ಸಂಸ್ಥಾನದಲ್ಲಿ ಈ ಪದ್ಧತಿಯನ್ನು 1870ರ ದಶಕದಲ್ಲಿ ಬೇರೂರಿಸಿದವನು ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ. ಮುಂದೆ ಗಣ್ಯ ಅತಿಥಿಗಳು ಬಂದಾಗ ಖೆಡ್ಡಾವನ್ನು ಏರ್ಪಡಿಸುವುದು ಸಂಸ್ಥಾನದ ವೈಭವದ ಭಾಗವಾಯಿತು. ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಕಾಕನಕೋಟೆ' ನಾಟಕಕ್ಕೆ ಈ ಸೀಮೆಯ ಕಾಡುಜನರ ಬದುಕೇ ವಸ್ತು.

ಕೊಡಗಿನ ಕಡೆಯ ಕಾಡಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ ತೇಗದ ನೆಡುತೋಪುಗಳನ್ನು ಬೆಳೆಸಲಾಯಿತು. ಇಂದಿಗೂ ಸಾಲು ಸಾಲಾಗಿ ನಿಂತಿರುವ ತೇಗದ ಮರಗಳು ಕಾಣುವ ಕಡೆ, ಅದು ಒಂದು ಕಾಲದಲ್ಲಿ ಮನುಷ್ಯರು ನೆಟ್ಟ ಕಾಡೆಂದು ತಿಳಿಯಬೇಕು. 1955ರಲ್ಲಿ ಇಲ್ಲಿ ವನ್ಯಮೃಗಧಾಮ ಸ್ಥಾಪನೆಯಾಯಿತು. ಅನಂತರ ಮೈಸೂರು ಜಿಲ್ಲೆಯ ಕಾಡುಗಳೂ ಸೇರ್ಪಡೆಯಾಗಿ 1988ರಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನ ಲಭಿಸಿತು. ಹುಲಿ ಯೋಜನೆಯ ವ್ಯಾಪ್ತಿಗೆ ಮೊದಲು ಬಂಡೀಪುರದ ವಿಸ್ತರಣೆಯಾಗಿ ಸೇರಿದ ಈ ಅರಣ್ಯ, 2007ರಲ್ಲಿ ಪ್ರತ್ಯೇಕ ಹುಲಿ ಸಂರಕ್ಷಿತ ಪ್ರದೇಶವಾಯಿತು.

1970 ಮತ್ತು 1980ರ ದಶಕಗಳಲ್ಲಿ ಬೇಟೆ, ಮರಗಳ್ಳತನ ಮತ್ತು ಒತ್ತುವರಿಗಳನ್ನು ತಡೆಯುವಲ್ಲಿ ವಲಯಾರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಪಾತ್ರ ಹಿರಿದು. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದ ಉತ್ತರಾರ್ಧದಿಂದ ಇಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ಪ್ರತಿಯೊಂದು ಹುಲಿಯ ಮೈಮೇಲಿನ ಪಟ್ಟೆಗಳ ವಿನ್ಯಾಸವೂ ಮನುಷ್ಯನ ಬೆರಳಚ್ಚಿನಂತೆ ಭಿನ್ನವಾಗಿರುತ್ತದೆ. ಕಾಡಿನ ದಾರಿಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳ ಆಧಾರದಿಂದ ಹುಲಿಗಳನ್ನು ಗುರುತಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ಅವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ರೂಪುಗೊಂಡಿತು. ಅಲ್ಲಿಯವರೆಗೆ ಹೆಜ್ಜೆಗುರುತುಗಳನ್ನು ಎಣಿಸಿ ಲೆಕ್ಕ ಹಾಕುವ ರೂಢಿಯಿತ್ತು. 2022ರ ರಾಷ್ಟ್ರೀಯ ಗಣತಿಯಲ್ಲಿ ನಾಗರಹೊಳೆಯೊಳಗೆ 141 ಹುಲಿಗಳಿವೆಯೆಂದು ಅಂದಾಜಿಸಲಾಗಿದೆ. ಅದೇ ಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿದ್ದ ಹುಲಿಗಳ ಸಂಖ್ಯೆ 563.

ಭೂಸ್ವರೂಪ ಮತ್ತು ಸಸ್ಯಸಂಪತ್ತು

ಪಶ್ಚಿಮಘಟ್ಟಗಳು ಮೈಸೂರು ಪ್ರಸ್ಥಭೂಮಿಗೆ ಇಳಿದು ಬರುವ ನಡುವಿನ ನೆಲದಲ್ಲಿ ನಾಗರಹೊಳೆ ಇದೆ. ಕಡಿದಾದ ಶಿಖರಗಳಿಲ್ಲ, ಸಮುದ್ರಮಟ್ಟದಿಂದ ಸುಮಾರು 700ರಿಂದ 960 ಮೀಟರ್ ಎತ್ತರದ ನಡುವೆ ಏರಿಳಿಯುವ ದಿಬ್ಬಗಳೂ ಕಣಿವೆಗಳೂ ಇವೆ. ಪಶ್ಚಿಮದ ಕೊಡಗಿನ ಅಂಚಿನಲ್ಲಿ ವರ್ಷಕ್ಕೆ ಸುಮಾರು 1500 ಮಿಲಿಮೀಟರ್ ಮಳೆಯಾದರೆ ಪೂರ್ವದ ಅಂಚಿನಲ್ಲಿ ಅದು 900 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಈ ವ್ಯತ್ಯಾಸದಿಂದಾಗಿ ಪಶ್ಚಿಮದಲ್ಲಿ ತೇವಭರಿತ ಎಲೆ ಉದುರುವ ಕಾಡೂ ಪೂರ್ವದಲ್ಲಿ ಒಣ ಎಲೆ ಉದುರುವ ಕಾಡೂ ಬೆಳೆದಿವೆ. ಒಂದೇ ದಿನದ ಪಯಣದಲ್ಲಿ ಎರಡನ್ನೂ ಕಾಣಬಹುದು.

ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ದಿಂಡಿಗ, ಬೂರುಗ, ನೆಲ್ಲಿ, ಕಕ್ಕೆ, ಮುತ್ತುಗ ಇಲ್ಲಿಯ ಮುಖ್ಯ ಮರಗಳು. ಒಣಕಾಡಿನ ಅಂಚುಗಳಲ್ಲಿ ಶ್ರೀಗಂಧವೂ ಇದೆ. ಬಿದಿರು ಆನೆಗಳಿಗೆ ಅಚ್ಚುಮೆಚ್ಚಿನ ಮೇವು. ಬಿದಿರು ದಶಕಗಳಿಗೊಮ್ಮೆ ಏಕಕಾಲಕ್ಕೆ ಹೂಬಿಟ್ಟು, ಬೀಜ ಚೆಲ್ಲಿ, ಮೆಳೆ ಮೆಳೆಯಾಗಿ ಒಣಗಿಹೋಗುತ್ತದೆ. ಅಂಥ ಕಾಲದಲ್ಲಿ ಆನೆಗಳ ಮೇವಿಗೆ ಕೊರತೆಯಾಗುವುದಲ್ಲದೆ ಕಾಳ್ಗಿಚ್ಚಿನ ಭೀತಿಯೂ ಹೆಚ್ಚುತ್ತದೆ.

ನಾಗರಹೊಳೆಯ ವಿಶಿಷ್ಟ ಲಕ್ಷಣವೆಂದರೆ ಹಡ್ಲುಗಳು. ಕಣಿವೆಗಳ ತಳದಲ್ಲಿ ಮರಗಳಿಲ್ಲದೆ, ಜೌಗುನೆಲದ ಮೇಲೆ ಹುಲ್ಲು ಬೆಳೆದಿರುವ ಬಯಲುಗಳಿಗೆ ಈ ಹೆಸರು. ಸುತ್ತಲ ಕಾಡು ಬೇಸಗೆಯಲ್ಲಿ ಒಣಗಿದರೂ ಹಡ್ಲುಗಳಲ್ಲಿ ತೇವ ಉಳಿದು ಹಸಿರು ಹುಲ್ಲು ಚಿಗುರುತ್ತಿರುತ್ತದೆ. ಆದುದರಿಂದ ಜಿಂಕೆ, ಕಾಟಿ, ಆನೆಗಳು ಅಲ್ಲಿ ನೆರೆಯುತ್ತವೆ. ಅವುಗಳನ್ನರಸಿ ಬೇಟೆಗಾರ ಪ್ರಾಣಿಗಳೂ ಬರುತ್ತವೆ. ದಟ್ಟ ಮರಗಳ ನಡುವೆ ಹತ್ತು ಹೆಜ್ಜೆ ದೂರದ ಕಡವೆಯೂ ಕಾಣದಿರಬಹುದು. ಹಡ್ಲಿನ ಅಂಚಿನಲ್ಲಿ ನಿಂತವರಿಗೆ ಇಡೀ ಹಿಂಡು ಕಾಣುತ್ತದೆ.

ಕಬಿನಿ, ಲಕ್ಷ್ಮಣತೀರ್ಥ, ನಾಗರಹೊಳೆ, ಸಾರಥಿಹೊಳೆಗಳು ಈ ಕಾಡಿನ ಜಲಮೂಲಗಳು. ಬೀಚನಹಳ್ಳಿಯಲ್ಲಿ ಕಬಿನಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಲವು ಹಳ್ಳಿಗಳೂ ಖೆಡ್ಡಾ ನಡೆಯುತ್ತಿದ್ದ ಕಾಡೂ ಮುಳುಗಿದವು. ನಾಗರಹೊಳೆಯನ್ನೂ ಬಂಡೀಪುರವನ್ನೂ ಬೇರ್ಪಡಿಸುವ ಈ ಹಿನ್ನೀರು ಇಂದು ಎರಡೂ ಕಾಡುಗಳ ಪ್ರಾಣಿಗಳಿಗೆ ಬೇಸಗೆಯ ನೀರಿನಾಸರೆಯಾಗಿದೆ.

ಪ್ರಾಣಿಗಳು

ಏಷ್ಯಾದ ಆನೆಗಳು ಸಮೃದ್ಧವಾಗಿರುವ ಪ್ರದೇಶಗಳಲ್ಲಿ ನಾಗರಹೊಳೆಯೂ ಒಂದು. ಆನೆಯ ಹಿಂಡನ್ನು ಹಿರಿಯ ಹೆಣ್ಣಾನೆ ಮುನ್ನಡೆಸುತ್ತದೆ. ಗಂಡುಮರಿಗಳು ಪ್ರಾಯಕ್ಕೆ ಬರುತ್ತಿದ್ದಂತೆ ಹಿಂಡನ್ನು ತೊರೆದು ಒಂಟಿಯಾಗಿ ಅಥವಾ ಇತರ ಗಂಡುಗಳ ಜೊತೆಯಲ್ಲಿ ಅಲೆಯುತ್ತವೆ. ಬೇಸಗೆಯಲ್ಲಿ ಕಬಿನಿ ಹಿನ್ನೀರು ಇಳಿದಂತೆ ತೆರೆದುಕೊಳ್ಳುವ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಆಗ ಸುತ್ತಲಿನ ಕಾಡುಗಳಿಂದ ನೂರಾರು ಆನೆಗಳು ಅಲ್ಲಿಗೆ ಬಂದು ಸೇರುತ್ತವೆ. ಏಷ್ಯಾದಲ್ಲಿ ಋತುಮಾನಕ್ಕೆ ತಕ್ಕಂತೆ ಆನೆಗಳು ಕೂಡುವ ದೊಡ್ಡ ತಾಣಗಳಲ್ಲಿ ಇದನ್ನೂ ಎಣಿಸಲಾಗುತ್ತದೆ.

ಹುಲಿ, ಚಿರತೆ, ಸೀಳುನಾಯಿ ಎಂಬ ಮೂರು ದೊಡ್ಡ ಬೇಟೆಗಾರ ಪ್ರಾಣಿಗಳು ಒಂದೇ ಕಾಡಿನಲ್ಲಿ ಬಾಳುವುದು ನಾಗರಹೊಳೆಯ ಮತ್ತೊಂದು ವಿಶೇಷ. ಆಹಾರದ ಹಂಚಿಕೆಯೇ ಇದಕ್ಕೆ ಮುಖ್ಯ ಕಾರಣವೆಂದು ಇಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಹುಲಿಯು ಕಾಟಿ, ಕಡವೆಯಂತಹ ದೊಡ್ಡ ಪ್ರಾಣಿಗಳತ್ತ ಹೆಚ್ಚು ವಾಲುತ್ತದೆ. ಚಿರತೆ ಮತ್ತು ಸೀಳುನಾಯಿಗಳು ಜಿಂಕೆಯಂತಹ ಮಧ್ಯಮ ಗಾತ್ರದ ಪ್ರಾಣಿಗಳನ್ನು ಅವಲಂಬಿಸುತ್ತವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಆಹಾರವಾಗಿ ಬೇಕು. ಬಲಿಪ್ರಾಣಿಗಳ ಸಂತತಿ ಕುಗ್ಗದೆ ಇಷ್ಟು ಆಹಾರ ದೊರೆಯಬೇಕಾದರೆ ಸುಮಾರು 500 ಪ್ರಾಣಿಗಳ ಸಮೂಹವೇ ಇರಬೇಕಾಗುತ್ತದೆ. ಎಂದರೆ ಹುಲಿಯ ಸಂರಕ್ಷಣೆಯು ಮೂಲತಃ ಹುಲ್ಲು, ನೀರು ಮತ್ತು ಜಿಂಕೆಗಳ ಸಂರಕ್ಷಣೆಯೇ ಆಗಿದೆ.

ಕೆನ್ನಾಯಿ ಎಂದೂ ಕರೆಯಲಾಗುವ ಸೀಳುನಾಯಿಯು ಕೆಂಗಂದು ಮೈ ಮತ್ತು ಪೊದೆಯಂತಹ ಕಪ್ಪು ಬಾಲದಿಂದ ಗುರುತಿಸಲ್ಪಡುತ್ತದೆ. ಇದು ಹಿಂಡಿನಲ್ಲಿ ಬೇಟೆಯಾಡುತ್ತದೆ, ಸಿಳ್ಳೆಯಂತಹ ದನಿಯಿಂದ ಸಂಗಾತಿಗಳನ್ನು ಕರೆಯುತ್ತದೆ. ಹಿಂದೆ ಇದನ್ನು ಪೀಡೆಯೆಂದು ಭಾವಿಸಿ ಬಹುಮಾನ ಕೊಟ್ಟು ಕೊಲ್ಲಿಸಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಇದಕ್ಕೂ ರಕ್ಷಣೆ ದೊರೆಯಿತು. ಕಬಿನಿ ಭಾಗದಲ್ಲಿ ಕಾಣಿಸಿಕೊಂಡು ಪ್ರಸಿದ್ಧಿ ಪಡೆದ 'ಕರಿಚಿರತೆ' ಬೇರೆ ಪ್ರಭೇದವಲ್ಲ. ತಂದೆತಾಯಿಗಳಿಬ್ಬರಿಂದಲೂ ಬರುವ ಒಂದು ಅಪ್ರಬಲ ಗುಣದ ಫಲವಾಗಿ ಕೆಲವು ಚಿರತೆಗಳು ಕಪ್ಪಾಗಿ ಹುಟ್ಟುತ್ತವೆ. ಬಿಸಿಲಿನಲ್ಲಿ ನೋಡಿದರೆ ಅವುಗಳ ಮೈಮೇಲೂ ಚುಕ್ಕೆಗಳು ಮಸುಕಾಗಿ ಕಾಣುತ್ತವೆ.

ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವ ಕಾಟಿ, ಕವಲೊಡೆದ ಕೊಂಬಿನ ಕಡವೆ, ಮೈತುಂಬ ಬಿಳಿಚುಕ್ಕೆಗಳಿರುವ ಜಿಂಕೆ, ಕಾಡುಕುರಿ, ನಾಲ್ಕು ಕೊಂಬಿನ ಕೊಂಡುಕುರಿ, ಮೊಲದಷ್ಟೇ ಗಾತ್ರದ ಕೂರ, ಕಾಡುಹಂದಿ ಇವು ಇಲ್ಲಿಯ ಗೊರಸಿನ ಪ್ರಾಣಿಗಳು. ಕರಡಿ, ಮುಸುವ, ಕೋತಿ, ಮುಳ್ಳುಹಂದಿ, ಚಿಪ್ಪುಹಂದಿ, ಕೆಂದಳಿಲುಗಳೂ ಇವೆ. ಹಿನ್ನೀರಿನಲ್ಲಿ ನೀರುನಾಯಿಗಳೂ ಮೊಸಳೆಗಳೂ ವಾಸಿಸುತ್ತವೆ. ಚಿಪ್ಪುಹಂದಿ, ಮುಳ್ಳುಹಂದಿ, ಕೂರಗಳು ರಾತ್ರಿ ಸಂಚರಿಸುವುದರಿಂದ ಹಗಲಿನ ಪ್ರವಾಸಿಗರಿಗೆ ಕಾಣುವುದು ಅಪರೂಪ.

ಪಕ್ಷಿಗಳು

ಪಕ್ಷಿವೀಕ್ಷಣೆಗೆ ನಾಗರಹೊಳೆಯು ಕಾಡು ಮತ್ತು ನೀರು ಎಂಬ ಎರಡು ಆವರಣಗಳನ್ನು ಒದಗಿಸುತ್ತದೆ. ಕಾಡಿನೊಳಗೆ ಮರಕುಟಿಗ, ಕುಟ್ರುಹಕ್ಕಿ, ಗಿಳಿ, ಮೈನಾ, ಕಾಡುಕೋಳಿ, ನವಿಲುಗಳು ಸಾಮಾನ್ಯ. ಪಶ್ಚಿಮಘಟ್ಟಗಳಿಗೆ ವಿಶಿಷ್ಟವಾದ ನೀಲಿರೆಕ್ಕೆಯ ಗಿಳಿ ಮತ್ತು ಮಲಬಾರ್ ಬೂದು ಮಂಗಟ್ಟೆಯೂ ಇಲ್ಲಿವೆ. ಕೆಂಪು ಎದೆಯ ಕಾಕರಣೆ ಹಕ್ಕಿಯು ನೆರಳಿನ ಕೊಂಬೆಯ ಮೇಲೆ ಅಲುಗಾಡದೆ ಕುಳಿತುಕೊಳ್ಳುವ ಕಾರಣ, ಎದುರಿಗಿದ್ದರೂ ಕಣ್ಣಿಗೆ ಬೀಳುವುದು ಕಷ್ಟ.

ಬಾಲದ ತುದಿಯಲ್ಲಿ ಎರಡು ತಂತಿಗಳಿಗೆ ಗರಿ ಕಟ್ಟಿದಂತೆ ಕಾಣುವ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಷ್ಣಾತ. ಹಲವು ಪ್ರಭೇದದ ಕೀಟಾಹಾರಿ ಹಕ್ಕಿಗಳು ಒಟ್ಟಾಗಿ ಕಾಡನ್ನು ಜಾಲಾಡುತ್ತ ಸಾಗುವ 'ಬೇಟೆಪಡೆ'ಗಳಲ್ಲಿ ಭೀಮರಾಜ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಕೂಗು ಕೇಳಿದ ಕಡೆ ಕೆಲವು ನಿಮಿಷ ನಿಂತರೆ ಹತ್ತಾರು ಬಗೆಯ ಹಕ್ಕಿಗಳು ಒಟ್ಟಿಗೆ ಕಾಣಸಿಗಬಹುದು.

ಮಂಗಟ್ಟೆಗಳ ಸಂಸಾರಕ್ರಮ ವಿಸ್ಮಯಕರವಾದುದು. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಮರಿಗಳು ಬೆಳೆಯುವವರೆಗೆ ವಾರಗಟ್ಟಲೆ ಗಂಡು ಆ ಸೀಳಿನ ಮೂಲಕ ಹಣ್ಣು, ಕೀಟಗಳನ್ನು ಉಣಿಸುತ್ತದೆ. ಗಂಡು ಸತ್ತರೆ ಒಳಗಿನ ಸಂಸಾರವೂ ಅಪಾಯಕ್ಕೆ ಸಿಲುಕುತ್ತದೆ. ಪೊಟರೆಯುಳ್ಳ ಹಳೆಯ ಮರಗಳಿಲ್ಲದ ಕಾಡಿನಲ್ಲಿ ಮಂಗಟ್ಟೆಗಳು ಸಂತಾನೋತ್ಪತ್ತಿ ಮಾಡಲಾರವು. ಒಣಗಿದ ಮುದಿಮರವೂ ಕಾಡಿಗೆ ಬೇಕೆಂಬುದಕ್ಕೆ ಇದು ನಿದರ್ಶನ.

ಕಬಿನಿ ಹಿನ್ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೋಳುಕಾಂಡಗಳು ಇಂದಿಗೂ ನೀರಿನ ಮೇಲೆ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳೂ ಹಾವಕ್ಕಿಗಳೂ ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತವೆ. ಮೀನು ಹಿಡಿಯುವ ಗಿಡುಗಗಳು, ಮಿಂಚುಳ್ಳಿಗಳು, ಬೆಳ್ಳಕ್ಕಿಗಳು, ಕೊಕ್ಕರೆಗಳು, ರೀವಗಳು ಇಲ್ಲಿ ನೆರೆಯುತ್ತವೆ. ನವೆಂಬರಿನಿಂದ ಮಾರ್ಚಿಯವರೆಗೆ ಉತ್ತರದಿಂದ ವಲಸೆ ಬರುವ ಹಕ್ಕಿಗಳನ್ನೂ ಕಾಣಬಹುದು. ಕಾಡಿನ ನೆಲದಲ್ಲಿ ತರಗೆಲೆ ಕೆದಕುತ್ತ ಓಡಾಡುವ ಬಹುವರ್ಣದ ನವರಂಗ ಅವುಗಳಲ್ಲೊಂದು.

ರಣಹದ್ದುಗಳು ವಿಶೇಷ ಗಮನಕ್ಕೆ ಅರ್ಹವಾದವು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧ, ಅವುಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿದುದರಿಂದ ದೇಶದಾದ್ಯಂತ ಅವುಗಳ ಸಂತತಿ ಕುಸಿಯಿತು. ಭಾರತ ಸರ್ಕಾರವು 2006ರಲ್ಲಿ ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ನಾಗರಹೊಳೆ, ಬಂಡೀಪುರಗಳಂತಹ ಕಾಡುಗಳಲ್ಲಿ ಹುಲಿ ಕೊಂದು ಬಿಟ್ಟ ಬೇಟೆ ಔಷಧದ ಸೋಂಕಿಲ್ಲದ ಆಹಾರವಾಗಿರುವುದರಿಂದ, ಬಿಳಿಬೆನ್ನಿನ ರಣಹದ್ದು ಮತ್ತು ಕೆಂಪುತಲೆಯ ರಣಹದ್ದುಗಳು ಈ ಸೀಮೆಯಲ್ಲಿ ಇನ್ನೂ ಉಳಿದುಕೊಂಡಿವೆ.

ಕಾಡಿನ ಸೂಚನೆಗಳು

ಪ್ರಾಣಿ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಅದರ ಸುಳಿವು ಕಿವಿಗೆ ಬೀಳುವುದೇ ಹೆಚ್ಚು. ಬೇಟೆಗಾರ ಪ್ರಾಣಿಯನ್ನು ಕಂಡೊಡನೆ ಇತರ ಪ್ರಾಣಿಗಳು ಎಚ್ಚರಿಕೆಯ ಕೂಗು ಹಾಕುತ್ತವೆ. ಜಿಂಕೆಯ ಕೂಗು ತೀಕ್ಷ್ಣವಾದ ಸಿಳ್ಳೆಯಂತಿರುತ್ತದೆ. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಮುಸುವ ಮರದ ತುದಿಯಲ್ಲಿ ಕುಳಿತು ಕೆಮ್ಮಿದಂತೆ ಸದ್ದು ಮಾಡುತ್ತದೆ. ಕಡವೆಯದು ಕಹಳೆಯ ಚಿಕ್ಕ ಮೊಳಗಿನಂತಹ ಗಡಸು ದನಿ. ಜಿಂಕೆಗಳು ಅಲ್ಪ ಸದ್ದಿಗೂ ಬೆದರಿ ಕೂಗುವುದುಂಟು. ಕಡವೆ ಸುಮ್ಮಸುಮ್ಮನೆ ಕೂಗುವುದಿಲ್ಲವೆಂದು ಅನುಭವಿಗಳು ನಂಬುತ್ತಾರೆ. ಅದು ಒಂದೇ ದಿಕ್ಕನ್ನು ದಿಟ್ಟಿಸಿ, ನೆಲವನ್ನು ಒದೆಯುತ್ತ, ಮತ್ತೆ ಮತ್ತೆ ಕೂಗಿದರೆ ಹುಲಿಯೋ ಚಿರತೆಯೋ ಸಮೀಪದಲ್ಲಿರುವ ಸಂಭವ ಹೆಚ್ಚು.

ಮುಸುವಗಳು ಕುಳಿತ ಮರದ ಕೆಳಗೆ ಜಿಂಕೆಗಳು ಮೇಯುತ್ತಿರುವ ನೋಟ ಇಲ್ಲಿ ಪದೇ ಪದೇ ಕಾಣುತ್ತದೆ. ಮುಸುವಗಳು ಕಿತ್ತು ಬೀಳಿಸುವ ಎಲೆ, ಕಾಯಿಗಳು ಜಿಂಕೆಗಳಿಗೆ ಮೇವಾಗುತ್ತವೆ. ಮೇಲಿನವುಗಳ ದೂರದೃಷ್ಟಿಯೂ ಕೆಳಗಿನವುಗಳ ಘ್ರಾಣಶಕ್ತಿಯೂ ಸೇರಿ ಎರಡು ಗುಂಪುಗಳಿಗೂ ಕಾವಲಾಗುತ್ತದೆ.

ಮಣ್ಣಿನ ದಾರಿಯ ಮೇಲಿನ ಹೆಜ್ಜೆಗುರುತುಗಳೂ ಮಾಹಿತಿ ನೀಡುತ್ತವೆ. ಹುಲಿ, ಚಿರತೆಗಳು ನಡೆಯುವಾಗ ಉಗುರುಗಳನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಅವುಗಳ ಗುರುತಿನಲ್ಲಿ ಉಗುರಿನ ಗೆರೆ ಇರುವುದಿಲ್ಲ. ಸೀಳುನಾಯಿಯ ಗುರುತಿನಲ್ಲಿ ಅದು ಸ್ಪಷ್ಟವಾಗಿರುತ್ತದೆ. ಮರದ ತೊಗಟೆಯ ಮೇಲಿನ ಪರಚಿದ ಗುರುತು, ಕಾಂಡಕ್ಕೆ ಆನೆ ಮೈಯುಜ್ಜಿ ಅಂಟಿಸಿದ ಕೆಸರು, ಮುರಿದ ಬಿದಿರು, ಹಸಿ ಲದ್ದಿ ಇವೆಲ್ಲವೂ ಪ್ರಾಣಿಗಳ ಇತ್ತೀಚಿನ ಸಂಚಾರವನ್ನು ಸೂಚಿಸುತ್ತವೆ. ಇಂಥ ಸೂಚನೆಗಳನ್ನು ಗಮನಿಸಬಲ್ಲವರಿಗೆ ಹುಲಿ ಕಾಣದ ಸಫಾರಿಯೂ ಬರಿದೆನಿಸುವುದಿಲ್ಲ.

ಭೇಟಿಯ ವ್ಯವಸ್ಥೆ

ಉದ್ಯಾನದ ಒಂದು ಭಾಗ ಮಾತ್ರ ಪ್ರವಾಸಿಗರಿಗೆ ತೆರೆದಿದೆ. ಹುಣಸೂರಿನ ಕಡೆಯ ವೀರನಹೊಸಹಳ್ಳಿ, ಕೊಡಗಿನ ಕುಟ್ಟದ ಸಮೀಪದ ನಾಣಚ್ಚಿ ಮತ್ತು ಹೆಗ್ಗಡದೇವನಕೋಟೆ ಕಡೆಯ ದಮ್ಮನಕಟ್ಟೆ ಸಫಾರಿಯ ಮುಖ್ಯ ದ್ವಾರಗಳು. ಹತ್ತಿರದ ದೊಡ್ಡ ನಗರ ಮೈಸೂರು. ಅಲ್ಲಿಂದ ಹುಣಸೂರು ಸುಮಾರು 45 ಕಿಲೋಮೀಟರ್ ದೂರದಲ್ಲಿದೆ. ಒಂದು ದ್ವಾರದಿಂದ ಮತ್ತೊಂದಕ್ಕೆ ರಸ್ತೆಯ ಮೂಲಕ ಬಹುದೂರ ಸುತ್ತಬೇಕಾಗುವುದರಿಂದ ಯಾವ ದ್ವಾರವೆಂಬುದನ್ನು ಮೊದಲೇ ನಿರ್ಧರಿಸುವುದು ಒಳಿತು.

ಸಫಾರಿಯು ದಿನಕ್ಕೆ ಎರಡು ಬಾರಿ, ಮುಂಜಾನೆ ಬೆಳಕು ಹರಿಯುವ ವೇಳೆಗೆ ಮತ್ತು ಮಧ್ಯಾಹ್ನ ಮೂರರ ಅನಂತರ, ಅಧಿಕೃತ ವಾಹನಗಳಲ್ಲಿ ನಡೆಯುತ್ತದೆ. ಪ್ರಾಣಿಗಳು ತಂಪು ಹೊತ್ತಿನಲ್ಲಿ ಹೆಚ್ಚು ಚಟುವಟಿಕೆಯಿಂದಿರುವುದೇ ಈ ವೇಳಾಪಟ್ಟಿಗೆ ಆಧಾರ. ಸ್ವಂತ ವಾಹನದಲ್ಲಾಗಲಿ ಕಾಲ್ನಡಿಗೆಯಲ್ಲಾಗಲಿ ಸಫಾರಿ ಮಾರ್ಗವನ್ನು ಪ್ರವೇಶಿಸುವಂತಿಲ್ಲ. ಕಬಿನಿ ಹಿನ್ನೀರಿನಲ್ಲಿ ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ದೋಣಿ ಸಫಾರಿಯನ್ನು ನಡೆಸುತ್ತದೆ. ನೀರುಹಕ್ಕಿಗಳನ್ನೂ ದಡಕ್ಕೆ ಬರುವ ಆನೆಗಳನ್ನೂ ನೋಡಲು ಇದು ಅನುಕೂಲಕರ. ಸಮಯ, ಶುಲ್ಕ ಮತ್ತು ಮಾರ್ಗಗಳು ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳಬೇಕು.

ಋತುಗಳಿಗೆ ತಕ್ಕಂತೆ ಕಾಣುವ ಕಾಡೂ ಬೇರೆಯಾಗುತ್ತದೆ. ಮಾರ್ಚಿಯಿಂದ ಮೇವರೆಗೆ ಎಲೆಯುದುರಿ ನೋಟ ತೆರವಾಗುವುದರಿಂದ, ನೀರಿರುವ ಕಡೆ ಪ್ರಾಣಿಗಳು ಗುಂಪುಗೂಡುವುದರಿಂದ, ದೊಡ್ಡ ಪ್ರಾಣಿಗಳ ವೀಕ್ಷಣೆಗೆ ಅದು ಅತ್ಯಂತ ಅನುಕೂಲ ಕಾಲ. ಆದರೆ ಬಿಸಿಲು, ಧೂಳು ಹೆಚ್ಚು, ಕಾಳ್ಗಿಚ್ಚಿನ ಭಯವೂ ಇರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪು ಹವೆ ಪಕ್ಷಿವೀಕ್ಷಣೆಗೆ ಹೇಳಿಮಾಡಿಸಿದಂಥದು. ಮುಂಗಾರಿನಲ್ಲಿ ಕಾಡು ಹಸಿರಿನಿಂದ ತುಂಬಿದರೂ ಪ್ರಾಣಿಗಳು ಚದುರಿಹೋಗುತ್ತವೆ. ಮಳೆ ಬಿರುಸಾದಾಗ ಮಣ್ಣಿನ ದಾರಿಗಳು ಕೆಟ್ಟು ಸಫಾರಿ ನಿಲ್ಲುವುದೂ ಉಂಟು.

ಪಾಲಿಸಬೇಕಾದ ನಿಯಮಗಳು

ಸಫಾರಿ ವಾಹನದಿಂದ ಕೆಳಗಿಳಿಯಬಾರದು, ಕೂಗಾಡಬಾರದು, ಪ್ರಾಣಿಗಳಿಗೆ ತಿನಿಸು ಕೊಡಬಾರದು, ಪ್ಲಾಸ್ಟಿಕ್ ಒಯ್ಯಬಾರದು, ಫ್ಲ್ಯಾಶ್ ಬೆಳಕಿನಲ್ಲಿ ಚಿತ್ರ ತೆಗೆಯಬಾರದು. ಈ ನಿಯಮಗಳಿಗೆ ಕಾರಣಗಳಿವೆ. ವಾಹನದ ಆಕಾರಕ್ಕೆ ಒಗ್ಗಿಕೊಂಡಿರುವ ಹುಲಿ ಅಥವಾ ಆನೆ, ಅದರಿಂದ ಇಳಿದು ನಿಂತ ಮನುಷ್ಯನನ್ನು ಕಂಡೊಡನೆ ಬೆದರಬಹುದು ಇಲ್ಲವೇ ಮೇಲೆ ಬೀಳಬಹುದು. ರಸ್ತೆಬದಿಯಲ್ಲಿ ತಿನಿಸು ಕಂಡ ಕೋತಿ, ಜಿಂಕೆಗಳು ಮೇವನ್ನು ಅರಸುವುದನ್ನು ಬಿಟ್ಟು ರಸ್ತೆಗೆ ಬಂದು ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಕಿವಿಗಳನ್ನು ಅಗಲಿಸಿ, ಸೊಂಡಿಲನ್ನು ಮಡಿಚಿ, ವಾಹನದತ್ತ ತಿರುಗಿ ನಿಂತ ಆನೆ ಹಿಂದೆ ಸರಿಯಿರೆಂದು ಹೇಳುತ್ತಿರುತ್ತದೆ. ಮರಿಯಿರುವ ಹಿಂಡಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಮಾಸಲು ಬಣ್ಣದ ಉಡುಪು, ದುರ್ಬೀನು, ಹಕ್ಕಿಗಳನ್ನು ಗುರುತಿಸುವ ಕೈಪಿಡಿ ಮತ್ತು ಟಿಪ್ಪಣಿ ಪುಸ್ತಕ ವಿದ್ಯಾರ್ಥಿಗಳಿಗೆ ಉಪಯುಕ್ತ. ಕಂಡ ಪ್ರಾಣಿ, ಸ್ಥಳ, ಸಮಯ, ವರ್ತನೆಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸದಿಂದ ವೀಕ್ಷಣೆಯು ಅಧ್ಯಯನವಾಗುತ್ತದೆ.

ಉದ್ಯಾನದ ಮೂಲಕ ಹಾದುಹೋಗುವ ಸಾರ್ವಜನಿಕ ರಸ್ತೆಗಳಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ದೀಪದ ಪ್ರಖರತೆಗೆ ಕಣ್ಣು ಕೋರೈಸಿ ಪ್ರಾಣಿಗಳು ರಸ್ತೆಯಲ್ಲೇ ನಿಂತುಬಿಡುವುದರಿಂದ ರಾತ್ರಿ ಅಪಘಾತಗಳು ಹೆಚ್ಚು. ಹಗಲಿನಲ್ಲಿಯೂ ಈ ರಸ್ತೆಗಳಲ್ಲಿ ವಾಹನ ನಿಲ್ಲಿಸುವಂತಿಲ್ಲ.

ಕಾಡಿನ ಜನರು

ಜೇನುಕುರುಬರು, ಬೆಟ್ಟಕುರುಬರು ಮತ್ತು ಯರವರು ತಲೆಮಾರುಗಳಿಂದ ಈ ಕಾಡಿನಲ್ಲಿ ಬಾಳಿಬಂದವರು. ಜೇನು ಸಂಗ್ರಹಣೆ ಜೇನುಕುರುಬರ ಕುಲಕಸುಬು; ಬಿದಿರಿನ ಕೆಲಸದಲ್ಲಿ ಬೆಟ್ಟಕುರುಬರು ನಿಪುಣರು; ಯರವರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುತ್ತಾರೆ. ಆನೆ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಈ ಸಮುದಾಯಗಳವರೇ ಹೆಚ್ಚು. ಮತ್ತಿಗೋಡು ಮತ್ತು ಬಳ್ಳೆ ಇಲ್ಲಿಯ ಪ್ರಮುಖ ಆನೆ ಶಿಬಿರಗಳು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಬಳ್ಳೆ ಶಿಬಿರದ ಆನೆ. 2020ರಿಂದ ಆ ಹೊಣೆ ಹೊತ್ತ ಅಭಿಮನ್ಯು ಮತ್ತಿಗೋಡು ಶಿಬಿರದ್ದು. ಅರ್ಜುನನು 2023ರ ಡಿಸೆಂಬರಿನಲ್ಲಿ ಸಕಲೇಶಪುರ ಸೀಮೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ಒಂಟಿಸಲಗದೊಡನೆ ಕಾದಾಡಿ ಮೃತಪಟ್ಟಿತು.

ಕಾಡಿನೊಳಗಿನ ಹಾಡಿಗಳಿಂದ ಕುಟುಂಬಗಳನ್ನು ಹೊರಗೆ ಪುನರ್ವಸತಿಗೊಳಿಸುವ ಕಾರ್ಯ 1990ರ ದಶಕದ ಕೊನೆಯಲ್ಲಿ ಆರಂಭವಾಯಿತು. ಶಾಲೆ, ಆಸ್ಪತ್ರೆ, ಜಮೀನುಗಳ ಆಸೆಯಿಂದ ಹೊರಬಂದವರೂ ಇದ್ದಾರೆ. ದೇವರ ನೆಲೆಗಳು, ಹಿರಿಯರ ಸಮಾಧಿಗಳು ಇರುವ ನೆಲವನ್ನು ಬಿಡಲಾರೆವೆಂದು ಉಳಿದವರೂ, ಪುನರ್ವಸತಿ ಸಮರ್ಪಕವಾಗಿಲ್ಲವೆಂದು ದೂರುವವರೂ ಇದ್ದಾರೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಅನ್ವಯ ತಮ್ಮ ಹಕ್ಕುಗಳನ್ನು ಮಾನ್ಯಮಾಡಬೇಕೆಂಬ ಬೇಡಿಕೆ ಇಂದಿಗೂ ಜೀವಂತವಾಗಿದೆ. ಪ್ರವಾಸಿಯು ಕಾಣುವ ನಿರ್ಜನ ಕಾಡು ಎಂದೆಂದಿಗೂ ನಿರ್ಜನವಾಗಿದ್ದುದಲ್ಲ.

ಪ್ರವಾಸೋದ್ಯಮ ಮತ್ತು ಸಂರಕ್ಷಣೆಯ ಸಮಸ್ಯೆಗಳು

ಕಾಡಿನಲ್ಲಿ ಪ್ರವಾಸೋದ್ಯಮ ಎಷ್ಟಿರಬೇಕೆಂಬ ಪ್ರಶ್ನೆ ನಾಗರಹೊಳೆಗೆ ಹೊಸದಲ್ಲ. 1990ರ ದಶಕದಲ್ಲಿ ಉದ್ಯಾನದೊಳಗೆ ಖಾಸಗಿ ವಸತಿಗೃಹ ತೆರೆಯುವ ಯೋಜನೆಯನ್ನು ಆದಿವಾಸಿ ಸಂಘಟನೆಗಳೂ ಪರಿಸರವಾದಿಗಳೂ ವಿರೋಧಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದ 1997ರ ತೀರ್ಪಿನಿಂದ ಅದು ನಿಂತಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ ಹುಲಿ ಸಂರಕ್ಷಿತ ಪ್ರದೇಶಗಳ ಮುಖ್ಯ ವಲಯಗಳಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ತಡೆಹಿಡಿದಿತ್ತು. ಅನಂತರ ಬಂದ ಮಾರ್ಗಸೂಚಿಗಳು ಮುಖ್ಯ ವಲಯದ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಿಗರಿಗೆ ತೆರೆಯಬಾರದೆಂದು ಮಿತಿ ಹಾಕಿದವು.

ಕಾಡಂಚಿನ ಹಳ್ಳಿಗಳ ರೈತರಿಗೆ ವನ್ಯಜೀವಿಗಳು ನೋಡಿ ಸಂತೋಷಪಡುವ ವಸ್ತುಗಳಲ್ಲ. ರಾಗಿ, ಬಾಳೆ, ಕಬ್ಬಿನ ಹೊಲಗಳಿಗೆ ಆನೆಗಳು ನುಗ್ಗುತ್ತವೆ; ದನಕರುಗಳು ಹುಲಿ, ಚಿರತೆಗಳಿಗೆ ಬಲಿಯಾಗುತ್ತವೆ; ಒಮ್ಮೊಮ್ಮೆ ಮನುಷ್ಯರ ಜೀವಹಾನಿಯೂ ಸಂಭವಿಸುತ್ತದೆ. ಆನೆ ಕಂದಕ, ಸೌರವಿದ್ಯುತ್ ಬೇಲಿ, ರೈಲು ಹಳಿಗಳ ತಡೆಬೇಲಿಗಳಿಂದ ಹಾವಳಿಯನ್ನು ತಗ್ಗಿಸುವ ಪ್ರಯತ್ನ ನಡೆದಿದೆ. 2025ರ ನವೆಂಬರಿನಲ್ಲಿ ಸರಗೂರು, ಹೆಗ್ಗಡದೇವನಕೋಟೆ ಭಾಗದಲ್ಲಿ ಹುಲಿ ದಾಳಿಯಿಂದ ರೈತರು ಮೃತಪಟ್ಟಾಗ, ಸಫಾರಿ ವಾಹನಗಳ ಓಡಾಟದಿಂದಲೇ ಹುಲಿಗಳು ಹೊರಬರುತ್ತಿವೆಯೆಂಬ ಆರೋಪ ರೈತರಿಂದ ಕೇಳಿಬಂದಿತು. ಅರಣ್ಯ ಇಲಾಖೆಯು ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ನಿಯೋಜಿಸಿತು. ಕಾಡಂಚಿನ ಜನರ ಸುರಕ್ಷತೆ ಮತ್ತು ಸಹನೆಯನ್ನು ಕಡೆಗಣಿಸಿ ವನ್ಯಜೀವಿ ಪ್ರವಾಸೋದ್ಯಮ ನಡೆಯಲಾರದೆಂಬುದನ್ನು ಈ ಘಟನೆ ತೋರಿಸಿತು.

ಲಂಟಾನದಂತಹ ಹೊರನಾಡಿನ ಕಳೆಗಿಡಗಳು ಹಬ್ಬಿ ಹುಲ್ಲನ್ನು ಹತ್ತಿಕ್ಕುತ್ತಿರುವುದು ಮತ್ತೊಂದು ಸಮಸ್ಯೆ. ಹುಲ್ಲು ಕುಗ್ಗಿದರೆ ಜಿಂಕೆ, ಕಾಟಿಗಳಿಗೆ ಮೇವು ಕುಗ್ಗುತ್ತದೆ. ಒಣಗಿದ ಲಂಟಾನ ಕಾಳ್ಗಿಚ್ಚಿಗೆ ಉರುವಲಾಗುತ್ತದೆ. ಬೇಸಗೆಗೆ ಮುನ್ನ ಬೆಂಕಿರೇಖೆಗಳನ್ನು ಸವರಿ, ಹಗಲಿರುಳು ಕಾವಲಿದ್ದು ಕಾಡನ್ನು ಕಾಯುವ ಕೆಲಸದಲ್ಲಿ ಸ್ಥಳೀಯ ಸಮುದಾಯಗಳಿಂದ ಬಂದ ಅರಣ್ಯ ವೀಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಪ್ರವಾಸಿಗೆ ಕೆಲವು ಗಂಟೆಗಳ ಕಾಲ ಕಾಣುವ ಹಡ್ಲಿನ ಹಸಿರು, ಅಲ್ಲಿ ಮೇಯುವ ಹಿಂಡು, ದೂರದ ಕಡವೆಯ ಕೂಗು ಇವುಗಳ ಹಿಂದೆ ವರ್ಷವಿಡೀ ನಡೆಯುವ ಅವರ ದುಡಿಮೆಯಿದೆ.